ಪಾಸ್ ಆಗಿ ಬಂದ ಪ್ರಶ್ನೆ

ಮೊನ್ನೆ ರಾತ್ರಿ ಟಿ.ವಿ.ಯಲ್ಲಿ ಯಾವುದೋ ಚಾನೆಲ್ಲಿನ ಕ್ವಿಜ್ ನೋಡುತ್ತಿದ್ದೆ. ಎದುರಿಗೆ ಕುಳಿತ ಹುಡುಗ ಪ್ರಶ್ನೆ ಮುಗಿಯುವ ಮೊದಲೇ ಸರಿಯುತ್ತರ ಹೇಳಿದ. ತಡವರಿಕೆ ಇಲ್ಲ, ತಲೆ ಕೆರೆದುಕೊಳ್ಳುವುದಿಲ್ಲ. ನಿರೂಪಕ ಅವನನ್ನು ಒಮ್ಮೆ ನೋಡಿದ. ಆಮೇಲೆ ಪ್ರೇಕ್ಷಕರನ್ನು ನೋಡಿದ. ನೀರು ಕುಡಿದ. ‘ಯೋಚಿಸಿ ಹೇಳ್ತಿದ್ದೀರಾ?’ ಅಂದ. ಹಿಂದುಗಡೆಯಿಂದ ಎದೆ ಬಡಿದ ಹಾಗೆ ಡುಮ್ ಡುಮ್ ಸಂಗೀತ ಶುರುವಾಯಿತು. ಹುಡುಗನ ಅಮ್ಮನ ಮುಖ ತೋರಿಸಿದರು, ಅವನ ಮುಖ ತೋರಿಸಿದರು, ಮತ್ತೆ ಅಮ್ಮನ ಮುಖ. ‘ನಿಮ್ಮ ಉತ್ತರ...’ ಅಂದ ನಿರೂಪಕ, ಅಷ್ಟು ಹೇಳಿ ಜಾಹೀರಾತಿಗೆ ಹೋದ.

ನಾನು ರಿಮೋಟ್ ಎತ್ತಿ ಸೋಫಾದ ಮೇಲೆ ಎಸೆದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ, “ಉತ್ತರ ನಿಮಗೆ ಗೊತ್ತುಂಟಲ್ಲ, ಮತ್ತೆ ಎಂಥ ಸಿಟ್ಟು ಮಾರಾಯ್ರೆ?” ಅಂದಳು.

ಇದು ಉತ್ತರದ ಸಿಟ್ಟಲ್ಲ, ಕಸುಬಿನ ಸಿಟ್ಟು. ನಾನೂ ಮೈಕ್ ಹಿಡಿಯುವವನು. ಟಿ.ವಿ.ಯಲ್ಲಲ್ಲ. ಪಣಂಬೂರು, ಬೈಕಂಪಾಡಿ, ಕೂಳೂರು, ಸುರತ್ಕಲ್ ಕಡೆಯ ಗಣೇಶೋತ್ಸವ, ರಾಜ್ಯೋತ್ಸವ, ಯುವಕ ಮಂಡಲದ ವಾರ್ಷಿಕೋತ್ಸವಗಳಲ್ಲಿ ರಸಪ್ರಶ್ನೆ ಇದ್ದರೆ ನನಗೆ ಫೋನ್ ಬರುತ್ತದೆ. ಭಜನೆ ಮುಗಿದು ಪ್ರಸಾದ ಹಂಚುವವರೆಗಿನ ಹೊತ್ತು ನನ್ನದು. ಸಂಭಾವನೆ ಒಂದು ಶಾಲು, ಒಂದು ಫಲಕ, ಕೆಲವೊಮ್ಮೆ ಉಪ್ಪಿಟ್ಟು. ಬಂದರು, ಗೊಬ್ಬರದ ಕಾರ್ಖಾನೆ, ಅದಿರಿನ ಕಾರ್ಖಾನೆ ಅಂತ ಊರೂರಿನವರು ಬಂದು ನೆಲೆಸಿದ ಜಾಗ ನಮ್ಮದು. ಒಂದೇ ತಂಡದಲ್ಲಿ ತುಳು, ಕೊಂಕಣಿ, ಮಲಯಾಳ, ಬ್ಯಾರಿ ಮಾತಾಡುವ ಮಕ್ಕಳು ಕೂತು ಕನ್ನಡದಲ್ಲಿ ಉತ್ತರ ಹೇಳುತ್ತಾರೆ. ಇಂಥ ಕಡೆ ಪ್ರಶ್ನೆ ಕೇಳುವ ಸುಖ ಕೇಳಿದವನಿಗೇ ಗೊತ್ತು.

ಆದ್ದರಿಂದ ಆ ನಿರೂಪಕನ ಮೇಲೆ ನನ್ನ ಸಿಟ್ಟು ಪೂರ್ತಿ ನ್ಯಾಯವಲ್ಲ ಅಂತಲೂ ನನಗೆ ಗೊತ್ತು. ಅವನು ನೀರು ಕುಡಿದದ್ದು ಬಾಯಾರಿಕೆಯಿಂದಲ್ಲ, ನಿಯಮದಿಂದ. ನಿರೂಪಣೆಯ ಶೈಲಿ ಅಂತ ನಾವು ಹೊಗಳುವುದು ಅಥವಾ ಬಯ್ಯುವುದು ಹೆಚ್ಚಾಗಿ ನಿಯಮ ಬಿಟ್ಟ ಜಾಗವನ್ನು ಒಬ್ಬ ಮನುಷ್ಯ ಹೇಗೆ ತುಂಬುತ್ತಾನೆ ಅನ್ನುವುದನ್ನು. ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿ, 2000ದ ಜುಲೈ 3ರಂದು ‘ಕೌನ್ ಬನೇಗಾ ಕರೋಡ್‌ಪತಿ’ಯಾಗಿ ನಮ್ಮ ಮನೆಗಳಿಗೆ ಬಂದ ಆ ಆಟದ ಜೀವ ಇರುವುದು ಕೋಟಿಯಲ್ಲಲ್ಲ, ಒಂದು ಸಣ್ಣ ನಿಯಮದಲ್ಲಿ. ಪ್ರಶ್ನೆಯನ್ನು ಪೂರ್ತಿ ನೋಡಿದ ಮೇಲೂ ‘ಬೇಡ, ನಾನು ಇಷ್ಟಕ್ಕೇ ಎದ್ದು ಹೋಗುತ್ತೇನೆ’ ಅನ್ನಬಹುದು. ಅಂದರೆ ಅಲ್ಲಿ ಪರೀಕ್ಷೆ ಜ್ಞಾನದ್ದಲ್ಲ, ಧೈರ್ಯದ್ದು. ಮೊದಮೊದಲು ಕುರ್ಚಿಯಲ್ಲಿ ಕೂತವನಿಗೆ ಗಡಿಯಾರವೂ ಇರಲಿಲ್ಲ. ಹೊತ್ತಿನ ಮಿತಿ ಇಲ್ಲ, ಎದ್ದುಹೋಗುವ ಬಾಗಿಲು ಸದಾ ತೆರೆದಿದೆ, ಎದುರಿಗೆ ಹಣ. ಈ ಮೂರನ್ನೂ ಒಟ್ಟಿಗೆ ಇಟ್ಟರೆ ನಡುವೆ ಒಂದು ದೊಡ್ಡ ಮೌನ ಹುಟ್ಟುತ್ತದೆ. ಆ ಮೌನವನ್ನು ಆಳಬಲ್ಲ ದನಿ ಬೇಕು. ಅಮಿತಾಭ್ ಬಚ್ಚನ್ ಸಿಕ್ಕರು.

ಅವರ ದೊಡ್ಡ ಗುಣ ಗಂಭೀರ ಕಂಠ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಂಡ ಗುಣ ಬೇರೆ. ಉತ್ತರ ಸರಿ ಇದ್ದಾಗಲೂ ತಪ್ಪಿದ್ದಾಗಲೂ ಅವರು ಒಂದೇ ಅಳತೆಯ ಅನುಮಾನ ತೋರಿಸುತ್ತಾರೆ. ಇದು ಹೇಳುವಷ್ಟು ಸುಲಭವಲ್ಲ. ನನ್ನ ಬೈಕಂಪಾಡಿಯ ಗೆಳೆಯನೊಬ್ಬನಿದ್ದಾನೆ, ಅವನೂ ಕ್ವಿಜ್ ಮಾಸ್ಟರೇ, ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಅವನು ‘ಖಚಿತವಾ?’ ಅಂತ ಕೇಳುವುದು ಉತ್ತರ ತಪ್ಪಾಗಿದ್ದಾಗ ಮಾತ್ರ. ಸರಿಯಿದ್ದರೆ ತಡೆಯಲಾಗದೆ ‘ಸೂಪರ್!’ ಅಂದುಬಿಡುತ್ತಾನೆ. ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಎಲ್ಲ ತಂಡಗಳಿಗೂ ಇದು ಗೊತ್ತಾಗಿರುತ್ತದೆ. ಅವನು ‘ಖಚಿ...’ ಅನ್ನುವಷ್ಟರಲ್ಲಿ ಮಕ್ಕಳು ಉತ್ತರ ಬದಲಾಯಿಸುತ್ತಾರೆ. ಹೀಗಾದರೆ ಪ್ರಶ್ನೆಪತ್ರಿಕೆ ಬೇಡ, ಇವನ ಮುಖ ಓದಲು ಕಲಿತರೆ ಸಾಕು.

ಕನ್ನಡದಲ್ಲಿ ಆ ಆಟ 2012ರಲ್ಲಿ ಸುವರ್ಣ ವಾಹಿನಿಯಲ್ಲಿ ‘ಕನ್ನಡದ ಕೋಟ್ಯಧಿಪತಿ’ಯಾಗಿ ಬಂತು. ಪುನೀತ್ ರಾಜ್‌ಕುಮಾರ್ ನಡೆಸಿದರು. ಆಮೇಲೆ ಒಂದು ಸರಣಿಯನ್ನು ರಮೇಶ್ ಅರವಿಂದ್ ನಡೆಸಿದರು, 2019ರಲ್ಲಿ ಕಲರ್ಸ್ ಕನ್ನಡದಲ್ಲಿ ಮತ್ತೆ ಪುನೀತ್. ನಿಯಮ ಅದೇ, ಕುರ್ಚಿ ಅದೇ, ಸಂಗೀತ ಅದೇ. ಆದರೆ ಪುನೀತ್ ಆ ಮೌನವನ್ನು ಆಳಲು ಹೋಗಲಿಲ್ಲ, ನಕ್ಕು ಹಗುರ ಮಾಡಿದರು. ಬಚ್ಚನ್ ಎದುರು ಕೂತವರು ಸಂದರ್ಶನಕ್ಕೆ ಬಂದವರಂತೆ ಕಂಡರೆ, ಪುನೀತ್ ಎದುರು ಕೂತವರು ನೆಂಟರ ಮನೆಗೆ ಬಂದವರಂತೆ ಕಾಣುತ್ತಿದ್ದರು. ರಮೇಶ್ ಅವರದು ಪಾಠ ಹೇಳುವ ಮೇಷ್ಟರ ಧಾಟಿ. ಕ್ವಿಜ್ ಆಗಿ ನೋಡಿದರೆ ಯಾವುದು ಮೇಲು ಅಂತ ನಾನು ಹೇಳಲಾರೆ. ಜಗಳ ಬೇಕಾದವರು ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಹತ್ತಿರ ಈ ಪ್ರಶ್ನೆ ಎತ್ತಬಹುದು. ಅಪ್ಪು ಅಂತ ಕರೆಯುವ ಪುನೀತ್ ವಿಷಯದಲ್ಲಿ ಆಕೆ ಚರ್ಚೆಗೆ ಬರುವವಳಲ್ಲ, ತೀರ್ಪು ಕೊಡುವವಳು.

ಹಣ ಹೆಚ್ಚಿಸಿದರೆ ಆಟ ಗೆಲ್ಲುತ್ತದೆ ಅಂತ ನಂಬಿದವರೂ ಇದ್ದರು. ಅದೇ 2000ದಲ್ಲಿ ಜೀ ವಾಹಿನಿ ‘ಸವಾಲ್ ದಸ್ ಕರೋಡ್ ಕಾ’ ತಂದಿತು. ಒಂದಲ್ಲ, ಹತ್ತು ಕೋಟಿ. ಒಬ್ಬರಲ್ಲ, ಇಬ್ಬರು ನಿರೂಪಕರು: ಅನುಪಮ್ ಖೇರ್ ಮತ್ತು ಮನೀಷಾ ಕೊಯಿರಾಲಾ. ಬೇಗ ಮುಳುಗಿತು. ಮೌನ ಹುಟ್ಟಿದಾಗ ಇಬ್ಬರಲ್ಲಿ ಯಾರು ತುಂಬಬೇಕು? ಮರುವರ್ಷ ‘ಕಮ್‌ಜೋರ್ ಕಡೀ ಕೌನ್’ ಬಂತು, ನೀನಾ ಗುಪ್ತಾ ಕಪ್ಪು ಕೋಟು ತೊಟ್ಟು ಸ್ಪರ್ಧಿಗಳನ್ನು ಚುಚ್ಚಿ ಮಾತಾಡಿದರು. ಬ್ರಿಟನ್ನಿನಲ್ಲಿ ಆನ್ ರಾಬಿನ್ಸನ್ ಅವರ ಆ ಚುಚ್ಚುಮಾತಿಗೆ ಜನ ಮರುಳಾಗಿದ್ದರು. ಅಲ್ಲಿಯ ನಿಯಮವೇ ಹಾಗೆ: ಒಂದು ಸುತ್ತು ಆಡಿ, ನಮ್ಮ ನಡುವೆ ಯಾರು ದಡ್ಡ ಅಂತ ವೋಟು ಹಾಕಿ ಹೊರದಬ್ಬಬೇಕು. ನಮ್ಮಲ್ಲಿ ಅದು ನಡೆಯಲಿಲ್ಲ. ನಮಗೆ ಪಕ್ಕದವನನ್ನು ಹೊರದಬ್ಬುವುದು ಬಾರದು ಅಂತಲ್ಲ; ಮೈಕ್ ಹಿಡಿದು, ಹೆಸರು ಹೇಳಿ, ಮುಖ ನೋಡಿ ಮಾಡುವುದು ಬಾರದು.

ಇನ್ನೊಂದು ಕೊನೆಯಲ್ಲಿ ಇರುವುದು ‘ಮಾಸ್ಟರ್‌ಮೈಂಡ್’. 1972ರಲ್ಲಿ ಬಿ.ಬಿ.ಸಿ.ಯಲ್ಲಿ ಶುರುವಾದದ್ದು, ನಮ್ಮಲ್ಲಿ 1998ರಲ್ಲಿ ಸಿದ್ಧಾರ್ಥ ಬಸು ನಡೆಸಿದರು. ಕಪ್ಪು ಕುರ್ಚಿ, ಮುಖಕ್ಕೆ ಬೆಳಕು, ಸಮಯ ಓಡುತ್ತಿರುತ್ತದೆ. ಅದನ್ನು ಹುಟ್ಟುಹಾಕಿದ ಬಿಲ್ ರೈಟ್ ಯುದ್ಧದ ಕಾಲದಲ್ಲಿ ಜರ್ಮನ್ನರ ಸೆರೆಯಲ್ಲಿದ್ದವರು. ತಮ್ಮನ್ನು ಕೂರಿಸಿ ವಿಚಾರಣೆ ಮಾಡಿದ ನೆನಪಿನಿಂದಲೇ ಆ ಆಟ ಕಟ್ಟಿದರು. ಅಲ್ಲಿ ನಿರೂಪಕನಿಗೆ ನೀರು ಕುಡಿಯಲು ಪುರುಸೊತ್ತೇ ಇಲ್ಲ. ಪ್ರಶ್ನೆ ಓದುವ ಅರ್ಧದಲ್ಲಿ ಗಂಟೆ ಹೊಡೆದರೆ, ಶುರು ಮಾಡಿದ್ದನ್ನು ಮುಗಿಸಿಯೇ ಬಿಡುತ್ತೇನೆ ಅಂತ ಹೇಳಿ ಮುಗಿಸುತ್ತಿದ್ದರು ಬಿ.ಬಿ.ಸಿ.ಯ ನಿರೂಪಕ ಮ್ಯಾಗ್ನಸ್ ಮ್ಯಾಗ್ನಸನ್. ಅವರ ಆ ಮಾತು ಇಂಗ್ಲಿಷರ ಮನೆಮಾತಾಯಿತು. ಅದೇನು ಚಮತ್ಕಾರದ ಮಾತಲ್ಲ, ನಿಯಮಾವಳಿಯ ಒಂದು ಕಲಮು. ಕಲಮನ್ನು ಮುಖ ಗಂಟಿಕ್ಕದೆ, ವರ್ಷಗಟ್ಟಲೆ ಒಂದೇ ದನಿಯಲ್ಲಿ ಹೇಳಿದರೆ ಅದೇ ಶೈಲಿಯಾಗುತ್ತದೆ.

ನನಗೆ ಈ ಎರಡು ಕೊನೆಯೂ ಬೇಡ. ನನ್ನ ಮನಸ್ಸು ಇರುವುದು ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಲ್ಲಿ. 2002ರ ಜನವರಿ 4ರಂದು ಶುರುವಾಗಿ, ಮೂರು ಸಾವಿರ ಕಂತುಗಳನ್ನು ಎಂದೋ ದಾಟಿದ ಕಾರ್ಯಕ್ರಮ. ನಡೆಸುವವರು ಡಾ. ನಾ. ಸೋಮೇಶ್ವರ. ವೃತ್ತಿಯಿಂದ ವೈದ್ಯರು, ಬರೆಹಗಾರರು. ಬಹುಮಾನ ಪುಸ್ತಕ. ಸರಿಯುತ್ತರ ಹೇಳಿದರೆ ಒಂದು ಕನ್ನಡ ಪುಸ್ತಕ. ಎಷ್ಟು ಉತ್ತರವೋ ಅಷ್ಟು ಪುಸ್ತಕ. ಸೋತವರೂ ಬರಿಗೈಲಿ ಹೋಗುವುದು ಕಡಿಮೆ, ಯಾಕೆಂದರೆ ಒಂದಾದರೂ ಉತ್ತರ ಯಾರಿಗಾದರೂ ಗೊತ್ತಿರುತ್ತದೆ.

ಈ ಒಂದು ನಿಯಮ ಎಷ್ಟು ಕೆಲಸ ಮಾಡುತ್ತದೆ ನೋಡಿ. ಪುಸ್ತಕಕ್ಕಾಗಿ ಯಾರೂ ಬೆವರುವುದಿಲ್ಲ. ಪುಸ್ತಕ ಕೈತಪ್ಪಿತು ಅಂತ ಅಮ್ಮಂದಿರು ಕಣ್ಣೊರೆಸಿಕೊಳ್ಳುವುದಿಲ್ಲ. ಆದ್ದರಿಂದ ಕ್ಯಾಮೆರಾ ಅಮ್ಮಂದಿರ ಕಡೆ ತಿರುಗಬೇಕಾಗಿಲ್ಲ. ‘ಯೋಚಿಸಿ ಹೇಳ್ತಿದ್ದೀರಾ’ ಅಂತ ಕೇಳಿ ಎದೆಬಡಿತ ಏರಿಸಬೇಕಾಗಿಲ್ಲ. ಹಾಗೆ ಉಳಿದ ಹೊತ್ತಿನಲ್ಲಿ ಸೋಮೇಶ್ವರ ಅವರು ಉತ್ತರದ ಹಿಂದಿನ ಕತೆ ಹೇಳುತ್ತಾರೆ. ಅದೇ ಪ್ರಶ್ನೆಯನ್ನು ಕೋಟಿ ರೂಪಾಯಿಗೆ ಕೇಳಿದ್ದರೆ ಕತೆ ಹೇಳುವ ಹೊತ್ತಿಗೆ ಜನ ಚಪ್ಪಾಳೆ ತಟ್ಟುತ್ತಿರುತ್ತಾರೆ, ಇಲ್ಲವೇ ಅಳುತ್ತಿರುತ್ತಾರೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ಬಹುಮಾನ ಸಣ್ಣದಾದಷ್ಟೂ ಉತ್ತರ ದೊಡ್ಡದಾಗುತ್ತದೆ. ಇದನ್ನು ನಾನು ಸಂಘಟಕರಿಗೆ ಎಷ್ಟು ಹೇಳಿದರೂ ಅವರು ತರುವುದು ಮುಚ್ಚಳವಿರುವ ಸ್ಟೀಲ್ ಡಬ್ಬಿ. “ಪುಸ್ತಕ ಯಾರು ಓದ್ತಾರೆ ಸರ್, ಡಬ್ಬಿ ಆದ್ರೆ ಅಕ್ಕಿ ಹಾಕ್ಬಹುದು” ಅನ್ನುತ್ತಾರೆ. ಆ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಪಾಸ್.

ನಮ್ಮ ಕಡೆಯವರಿಗೆ ನಿರೂಪಕನ ಕೆಲಸ ಏನು ಅಂತ ತಿಳಿಸುವುದು ಸುಲಭ. ಯಕ್ಷಗಾನದ ಭಾಗವತರನ್ನು ನೋಡಿದರೆ ಸಾಕು. ಕುಣಿಯುವವರು ಬೇರೆ, ಮಾತಾಡುವವರು ಬೇರೆ, ಶಿಳ್ಳೆ ಹೊಡೆಸಿಕೊಳ್ಳುವವರೂ ಬೇರೆ. ಆದರೆ ಪದ ಎತ್ತುವುದು, ಮಾತು ಉದ್ದವಾದಾಗ ಜಾಗಟೆ ತಟ್ಟಿ ಮುಂದೆ ಹೋಗುವುದು, ಹೊಸ ವೇಷಧಾರಿ ತಡವರಿಸಿದರೆ ಎದುರು ಮಾತೊಂದನ್ನು ಹಾಕಿ ಎತ್ತಿಕೊಳ್ಳುವುದು, ಎಲ್ಲ ಅವರದೇ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಬರೀ ಮಾತಿನ ಸ್ಪರ್ಧೆ. ಕೃಷ್ಣ ಕೌರವರು ಮಾತಿನ ಭರದಲ್ಲಿ ಪ್ರಸಂಗ ಬಿಟ್ಟು ಎಲ್ಲೋ ಹೋದಾಗ ಮುಂದಿನ ಪದ ಎತ್ತಿ ದಾರಿಗೆ ತರುವವರು ಭಾಗವತರು. ಅವರೇ ಎದ್ದು ಕುಣಿದರೆ ಆಟ ಕೆಟ್ಟಿತು. ಟಿ.ವಿ.ಯ ಸಿನಿಮಾ ತಾರೆಗಳಿಗೆ ಇದು ಕಷ್ಟ. ಅವರು ಬದುಕಿಡೀ ನಾಯಕನ ವೇಷ ಕಟ್ಟಿದವರು, ಜಾಗಟೆ ಹಿಡಿದು ಕೂರು ಅಂದರೆ ಹೇಗೆ ಕೂತಾರು?

ಈಗ ನನ್ನ ಮತ್ತು ಬೈಕಂಪಾಡಿಯವನ ಹಳೇ ಜಗಳಕ್ಕೆ ಬರುತ್ತೇನೆ. ಇದರಲ್ಲಿ ಆಸಕ್ತಿ ಇಲ್ಲದವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಬಹುದು, ಆದರೆ ಅಂಥವರ ಜತೆ ನನಗೆ ಹೆಚ್ಚು ಮಾತಿಲ್ಲ.

ಬಜರ್ ಸುತ್ತು ಬಿಟ್ಟರೆ ನಮ್ಮ ಊರ ಕ್ವಿಜ್‌ಗಳೆಲ್ಲ ‘ಡೈರೆಕ್ಟ್ ಮತ್ತು ಪಾಸ್’ ಮೇಲೆ ನಡೆಯುತ್ತವೆ. ಆರು ತಂಡ. ಮೊದಲ ಪ್ರಶ್ನೆ ಎ ತಂಡಕ್ಕೆ, ಎರಡನೆಯದು ಬಿ ತಂಡಕ್ಕೆ, ಹೀಗೆ. ಗೊತ್ತಿಲ್ಲದಿದ್ದರೆ ಪಕ್ಕದವರಿಗೆ ಪಾಸ್. ಡೈರೆಕ್ಟ್‌ಗೆ ಹತ್ತು ಅಂಕ, ಪಾಸ್‌ಗೆ ಐದು. ನೋಡಲು ಧರ್ಮರಾಜನ ನ್ಯಾಯ. ಈಗ ಎ ತಂಡದಲ್ಲಿ ಏನೂ ಓದದ ಮೂವರು ಹುಡುಗರು ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಸುತ್ತು ಸುತ್ತಿಗೂ ಅವರ ಪ್ರಶ್ನೆ ಪಾಸ್ ಆಗಿ ಬರುವುದು ಬಿ ತಂಡಕ್ಕೆ. ಬಿ ತಂಡದವರು ತಮ್ಮ ಹತ್ತು ಪಡೆದು, ಪಕ್ಕದ ದಡ್ಡರ ದಯೆಯಿಂದ ಇನ್ನೊಂದು ಐದು ಪಡೆಯುತ್ತಾರೆ. ಎಫ್ ತಂಡದವರು ಎಷ್ಟೇ ಬುದ್ಧಿವಂತರಿರಲಿ, ಅವರ ಎಡಕ್ಕೆ ಕೂತ ಇ ತಂಡದವರೂ ಬುದ್ಧಿವಂತರಾದರೆ ಅವರಿಗೆ ಒಂದು ಪಾಸ್ ಕೂಡ ಬರುವುದಿಲ್ಲ. ಅಂದರೆ ಗೆಲುವು ನೀವು ಓದಿದ್ದರ ಮೇಲಲ್ಲ, ಚೀಟಿ ಎತ್ತಿ ಯಾವ ಬೆಂಚಿನಲ್ಲಿ ಕೂತಿರಿ ಅನ್ನುವುದರ ಮೇಲೆ. ಇದು ರಸಪ್ರಶ್ನೆಯೋ ಜಾತಕವೋ?

ಇದಕ್ಕೆ ಮದ್ದು ಉಂಟು, ಹೊಸದೂ ಅಲ್ಲ. ಬೆಂಗಳೂರಿನ ಕ್ವಿಜ್ ಮಂದಿ ಅದನ್ನು ‘ಬೌನ್ಸ್’ ಅನ್ನುತ್ತಾರೆ. ವಿಂಗ್ ಕಮಾಂಡರ್ ಜಿ.ಆರ್. ಮೂಲ್ಕಿ ಮುಂದೆ ನಿಂತು 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಕಟ್ಟಿದ ಊರು ಅದು. ಅಲ್ಲಿ ನಿಯಮದ ಬಗ್ಗೆ ಜನ ಅಂಕಕ್ಕಿಂತ ಹೆಚ್ಚು ಜಗಳವಾಡುತ್ತಾರೆ. ಬೌನ್ಸ್ ಹೀಗೆ: ಪ್ರಶ್ನೆ ಎ ತಂಡದಿಂದ ಹೊರಟು ಸಿ ತಂಡ ಉತ್ತರ ಹೇಳಿತು ಅನ್ನಿ. ಮುಂದಿನ ಪ್ರಶ್ನೆ ಬಿ ತಂಡಕ್ಕಲ್ಲ, ಡಿ ತಂಡಕ್ಕೆ. ಉತ್ತರ ಯಾರು ಹೇಳಿದರೋ ಅವರ ಮುಂದಿನವರಿಂದ ಹೊಸ ಪ್ರಶ್ನೆ. ಅಂಕ ಎಲ್ಲರಿಗೂ ಒಂದೇ, ಡೈರೆಕ್ಟ್ ಪಾಸ್ ಭೇದ ಇಲ್ಲ. ಸರದಿ ಎಲ್ಲೂ ಮುರಿಯದೆ ಮೇಜಿನ ಸುತ್ತ ತಿರುಗುತ್ತಲೇ ಇರುತ್ತದೆ, ಪ್ರತಿ ತಂಡಕ್ಕೂ ಬಾಯಿ ತೆರೆಯುವ ಅವಕಾಶ ಹೆಚ್ಚುಕಡಿಮೆ ಸಮ. ಯಾರಿಗೂ ಗೊತ್ತಾಗದ ಪ್ರಶ್ನೆ ಬಂದರೆ ಮಾತ್ರ, ಹೊರಟಲ್ಲಿಂದ ಒಂದು ಮನೆ ಮುಂದೆ. ಇಷ್ಟೇ. ಇದನ್ನು ಒಂದು ಗಣೇಶೋತ್ಸವದಲ್ಲಿ ಜಾರಿಗೆ ತಂದೆ. ಅರ್ಧ ಗಂಟೆಯಲ್ಲಿ ಒಬ್ಬ ಅಪ್ಪ ಎದ್ದು ನಿಂತರು. “ನಮ್ಮ ಹುಡುಗನಿಗೆ ಇನ್ನೂ ಒಂದು ಡೈರೆಕ್ಟ್ ಬರ್ಲಿಲ್ಲ ಸರ್, ಇದು ಯಾವ ನ್ಯಾಯ?” ಡೈರೆಕ್ಟ್ ಅನ್ನುವುದೇ ಇಲ್ಲ ಅಂತ ತಿಳಿಸಲು ಹೋದೆ. ಅವರಿಗೆ ಕೇಳಿಸಿದ್ದು, ‘ನಿಮ್ಮ ಹುಡುಗನಿಗೆ ಮಾತ್ರ ಇಲ್ಲ’ ಅಂತ. ಬೈಕಂಪಾಡಿಯವನು ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದ. ಅವನ ವಾದ ಒಂದೇ: “ನ್ಯಾಯ ಇದ್ರೆ ಸಾಲದು ಮಾರಾಯ, ನ್ಯಾಯ ಅಂತ ಕಾಣ್ಬೇಕು. ನಿನ್ನ ಬೌನ್ಸು ಪುಟಿಯುದು ಜನರ ತಲೆ ಮೇಲಿಂದ.”

ಇದರಲ್ಲಿ ಹುರುಳಿದೆ ಅಂತ ಅವನೆದುರು ಒಪ್ಪಿಕೊಳ್ಳುವುದಿಲ್ಲ. ಟಿ.ವಿ. ಕ್ವಿಜ್‌ಗಳು ಹೆಚ್ಚಾಗಿ ಬೌನ್ಸ್ ಮುಟ್ಟದೆ ಬಜರ್ ಇಟ್ಟುಕೊಂಡದ್ದು ಇದೇ ಕಾರಣಕ್ಕೆ. ಬೆರಳು ಮೊದಲು ಬಿದ್ದವನದು ಅವಕಾಶ. ಇದು ಅಜ್ಜಿಗೂ ತಿಳಿಯುತ್ತದೆ.

ಬಜರ್ ಅಂದ ಕೂಡಲೇ ನನಗೆ ಪ್ರಿಯವಾದ ವಿಷಯ ಬಂತು. ಅಮೆರಿಕದ ‘ಜೆಪರ್ಡಿ’ಯನ್ನು 1984ರಲ್ಲಿ ಅಲೆಕ್ಸ್ ಟ್ರೆಬೆಕ್ ವಹಿಸಿಕೊಂಡಾಗ, ಪ್ರಶ್ನೆ ಓದುತ್ತಿರುವಾಗಲೇ ಬಜರ್ ಒತ್ತಬಹುದಿತ್ತು. ನೋಡುವವರಿಗೆ ಪ್ರಶ್ನೆ ಪೂರ್ತಿ ಸಿಗುತ್ತಲೇ ಇರಲಿಲ್ಲ. ಮರುವರ್ಷವೇ ನಿಯಮ ಬದಲಾಯಿತು. ಓದಿ ಮುಗಿದು ದೀಪ ಹತ್ತುವವರೆಗೆ ಕಾಯಬೇಕು, ಮೊದಲೇ ಒತ್ತಿದರೆ ಕಾಲು ಸೆಕೆಂಡು ನಿಮ್ಮ ಗುಂಡಿ ಸತ್ತಂತೆ. ಹೀಗೆ ಮಾಡಿದ ಮೇಲೆ ಟ್ರೆಬೆಕ್ ಅವರ ಸ್ವಚ್ಛವಾದ ಓದು ಬೆಳಗಿತು, ಯಾಕೆಂದರೆ ಅದನ್ನು ಕತ್ತರಿಸುವವರು ಇರಲಿಲ್ಲ. ಬ್ರಿಟನ್ನಿನ ‘ಯೂನಿವರ್ಸಿಟಿ ಚಾಲೆಂಜ್’ ಬೇರೆ ದಾರಿ ಹಿಡಿಯಿತು. ಅಲ್ಲಿ ಮಧ್ಯೆ ಒತ್ತಬಹುದು. ತಪ್ಪು ಹೇಳಿದರೆ ಐದು ಅಂಕ ಕಳೆಯುತ್ತಾರೆ. ಆದ್ದರಿಂದ ಅಲ್ಲಿಯ ಪ್ರಶ್ನೆ ಕಷ್ಟದಿಂದ ಹೊರಟು ಸುಲಭಕ್ಕೆ ಇಳಿಯಬೇಕು. ಮೊದಲ ಸುಳಿವಿಗೆ ಒತ್ತುವವನು ಪಂಡಿತ, ಕೊನೆಯದಕ್ಕೆ ಒತ್ತುವವನು ನಮ್ಮ ನಿಮ್ಮಂಥವನು.

ನಾನು ಹೇಳುವುದೇನೆಂದರೆ, ಇಂಥ ಪ್ರಶ್ನೆ ಕೇಳಲು ಕನ್ನಡದಷ್ಟು ಒಳ್ಳೆಯ ಭಾಷೆ ಇಲ್ಲ. ಕೇಳಿ: ‘1974ರ ಮೇ 4ರಂದು ದೇಶದ ಒಂಬತ್ತನೆಯದು ಅಂತ ಘೋಷಣೆಯಾದ, ಮರುವರ್ಷದ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ, ಕುದುರೆಮುಖದ ಅದಿರು ಹಡಗು ಹತ್ತುತ್ತಿದ್ದ, ಇದೇ ಮೈದಾನದಿಂದ ಕೂಗಿದರೆ ಕೇಳಿಸುವ ಪ್ರಮುಖ ಬಂದರು ಯಾವುದು?’ ‘ಕುದುರೆಮುಖದ ಅದಿರು’ ಬರುವವರೆಗೆ ನಾನು ಬಂದರಿನ ಮಾತಾಡುತ್ತಿದ್ದೇನೋ ಹುಲಿ ಧಾಮದ ಮಾತಾಡುತ್ತಿದ್ದೇನೋ ತಿಳಿಯುವುದಿಲ್ಲ. ವಿಶೇಷಣಗಳೆಲ್ಲ ಮೊದಲೇ ಮೆರವಣಿಗೆ ಹೋಗುತ್ತವೆ, ದೇವರು ಕೊನೆಗೆ ಬರುತ್ತಾನೆ. ಪ್ರತಿ ಅಲ್ಪವಿರಾಮದಲ್ಲೂ ಮಕ್ಕಳ ಬೆರಳು ಗುಂಡಿಯ ಮೇಲೆ ನಡುಗುವುದು ನನಗೆ ವೇದಿಕೆಯಿಂದ ಕಾಣುತ್ತದೆ. ‘ಒಂಬತ್ತನೆಯದು’ ಅಂದಾಗ ಒಂದು ಬೆರಳು, ‘ಇಂದಿರಾ’ ಅಂದಾಗ ಎರಡು, ‘ಕುದುರೆಮುಖ’ ಅಂದದ್ದೇ ಆರೂ ಬಜರ್ ಒಟ್ಟಿಗೆ. ಈ ಸುಖಕ್ಕಾಗಿಯೇ ನಾನು ಶಾಲಿಗೆ ಒಪ್ಪಿಕೊಂಡಿರುವುದು.

ಇಷ್ಟು ಚಂದದ ಸೌಕರ್ಯ ಇದ್ದರೂ ಟಿ.ವಿ.ಯವರು ‘ಈ ಕೆಳಗಿನವುಗಳಲ್ಲಿ ಯಾವ ಬಂದರು...’ ಅಂತ ಶುರು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಬರೆದ ಪ್ರಶ್ನೆಯನ್ನು ಅದೇ ಸಾಲಿನಲ್ಲಿ ಬಗ್ಗಿಸಿದ್ದು. ಬಂದರು ಮೊದಲೇ ಹಾಳಾಯಿತು, ಇನ್ನು ನೋಡಲು ಏನಿದೆ? ಇನ್ನು ನಮ್ಮ ಊರಿನ ಕೆಲವರ ಚಾಲಾಕಿತನ ಬೇರೆ. ‘ಗುಜರಾತಿನ ರಾಜಧಾನಿ ಗಾಂಧಿನಗರ ಆದರೆ, ಛತ್ತೀಸಗಢದ್ದು ಯಾವುದು?’ ಗುಜರಾತಿನ ರಾಜಧಾನಿ ಅಂದ ಕೂಡಲೇ ಒತ್ತಿದ ಮಗು ಬಲೆಗೆ ಬಿತ್ತು. ಇದನ್ನು ಮಾಡುವವರು ತಮ್ಮನ್ನು ಬಹಳ ಜಾಣರು ಅಂದುಕೊಂಡಿರುತ್ತಾರೆ. ಬೈಕಂಪಾಡಿಯವನಂತೂ ಮಗು ಬಿದ್ದಾಗ ಮೈಕಿನಲ್ಲೇ ನಗುತ್ತಾನೆ. ಆ ಪ್ರಶ್ನೆಯಲ್ಲಿ ಗುಜರಾತಿಗೆ ಏನು ಕೆಲಸ? ಪ್ರಶ್ನೆಯಲ್ಲಿ ಬಂದದ್ದೆಲ್ಲ ಉತ್ತರದ ಕಡೆ ನಡೆಯಬೇಕು. ನಡೆಯದ್ದು ಮೋಸ.

ನಕ್ಕು ಹೇಳಿಕೊಂಡು ಬಂದೆ, ಇನ್ನು ನಗುವ ಮಾತಲ್ಲ. ಒಂದು ಅಂತರಶಾಲಾ ಕ್ವಿಜ್‌ಗೆ ಪ್ರೇಕ್ಷಕನಾಗಿ ಹೋಗಿದ್ದೆ. ಸಂಘಟಕರ ಹೆಸರು ಬೇಡ. ನಿರೂಪಕ ಟಿ.ವಿ. ನೋಡಿ ಕಲಿತವನು, ಕೋಟು ಹಾಕಿದ್ದ, ಮಾತಿಗೊಮ್ಮೆ ‘ಲಾಕ್ ಮಾಡಲೇ?’ ಅನ್ನುತ್ತಿದ್ದ. ಪ್ರಶ್ನೆ ಬಂತು: ‘ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯ ಜತೆ ಸಮುದ್ರ ಸೇರುವ ನದಿ ಯಾವುದು?’ ಎರಡು ಜಡೆ ಹಾಕಿದ ಒಬ್ಬಳು ಹುಡುಗಿ, “ಫಲ್ಗುಣಿ” ಅಂದಳು. ‘ಲಾಕ್?’ “ಲಾಕ್.” ‘ತಪ್ಪು ಉತ್ತರ!’ ಪಾಸ್. ಪಕ್ಕದ ತಂಡದವರು “ಗುರುಪುರ ನದಿ” ಅಂದರು. ಅವರಿಗೆ ಐದು ಅಂಕ, ಚಪ್ಪಾಳೆ.

ಫಲ್ಗುಣಿಯೇ ಗುರುಪುರ ನದಿ. ಕೂಳೂರು ಸೇತುವೆಯ ಮೇಲೆ ದಿನಾ ಬಸ್ಸಿನಲ್ಲಿ ದಾಟುವ ಮಕ್ಕಳಿಗೆ ಅದು ಕೂಳೂರು ಹೊಳೆ. ಒಂದೇ ನೀರು. ನಾನು ಎದ್ದು ಹೇಳಿದೆ. ನಿರೂಪಕ ತನ್ನ ಚೀಟಿ ನೋಡಿಕೊಂಡ. “ಇದರಲ್ಲಿ ಗುರುಪುರ ಅಂತ ಉಂಟು ಸರ್. ಪ್ರೇಕ್ಷಕರು ದಯವಿಟ್ಟು ಉತ್ತರ ಹೇಳಬಾರದು.” ತೀರ್ಪುಗಾರರ ಕಡೆ ನೋಡಿದೆ. ಅವರು ಮೊಬೈಲ್ ನೋಡುತ್ತಿದ್ದರು. ಆ ಹುಡುಗಿ ಅಳಲಿಲ್ಲ. ತನ್ನ ತಂಡದವರ ಕಡೆ ತಿರುಗಿ, “ನಾನು ತಪ್ಪು ಓದಿದ್ದೆನೋ ಏನೋ” ಅಂದಳು. ಅದು ನನಗೆ ಇವತ್ತಿಗೂ ಮೈ ಉರಿಸುತ್ತದೆ. ಸರಿಯುತ್ತರ ಹೇಳಿದ ಮಗುವಿಗೆ ತನ್ನ ಓದಿನ ಮೇಲೇ ಅನುಮಾನ ಬರುವಂತೆ ಮಾಡಿ, ಅದನ್ನು ಸ್ಪರ್ಧೆ ಅಂತ ಕರೆದು, ಕೊನೆಗೆ ಅತಿಥಿಗಳಿಂದ ‘ಇಂಥ ಕಾರ್ಯಕ್ರಮ ಮಕ್ಕಳ ಜ್ಞಾನ ಹೆಚ್ಚಿಸುತ್ತದೆ’ ಅಂತ ಭಾಷಣ ಮಾಡಿಸುತ್ತಾರೆ. ಭಾರತದ ರಾಷ್ಟ್ರೀಯ ಕ್ರೀಡೆ ಯಾವುದು ಅಂತ ಇಂದಿಗೂ ಕೇಳಿ, ಹಾಕಿ ಅಂದವರಿಗೆ ಅಂಕ ಕೊಡುತ್ತಾರೆ. ಹಾಗೆ ಯಾವ ಆಟವನ್ನೂ ಘೋಷಿಸಿಲ್ಲ ಅಂತ ಕೇಂದ್ರ ಸರ್ಕಾರವೇ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿದೆ, ಅರ್ಜಿ ಹಾಕಿದ್ದು ಶಾಲೆಗೆ ಹೋಗುವ ಹುಡುಗಿ. ‘ಯಾವುದೂ ಅಲ್ಲ’ ಅಂತ ಉತ್ತರ ಹೇಳುವ ಮಗು ನಮ್ಮ ವೇದಿಕೆಯಲ್ಲಿ ಸೊನ್ನೆ ತೆಗೆದುಕೊಂಡು ಹೋಗುತ್ತದೆ. ಚೀಟಿಯಲ್ಲಿ ಇದ್ದದ್ದೇ ಸತ್ಯ ಅನ್ನುವವನ ಕೈಗೆ ಮೈಕ್ ಕೊಡಬಾರದು. ಅವನ ಕೈಗೆ ಚೀಟಿಯನ್ನೂ ಕೊಡಬಾರದು.

ಟಿ.ವಿ.ಯಲ್ಲಿ ಈ ತಪ್ಪು ಕಡಿಮೆ, ಅಲ್ಲಿ ಪರೀಕ್ಷಿಸುವವರಿರುತ್ತಾರೆ. ಅಲ್ಲಿಯ ಪಾಪ ಬೇರೆ. ಸ್ಪರ್ಧಿ ಬರುವ ಮೊದಲು ಅವನ ಬಡತನ ಬರುತ್ತದೆ. ಸೋರುವ ಮಾಡು, ಅಪ್ಪನ ಔಷಧಿ ಚೀಟಿ, ಹಿಂದೆ ಕೊಳಲು. ನಿರೂಪಕ ಕಣ್ಣೊರೆಸಿಕೊಂಡು, ‘ಈ ಹಣ ಬಂದರೆ ಏನು ಮಾಡ್ತೀರಿ?’ ಅನ್ನುತ್ತಾನೆ. ಅಷ್ಟಾದ ಮೇಲೆ ಪ್ರಶ್ನೆ ಕೇಳುತ್ತಾರೆ. ತಪ್ಪು ಹೇಳಿದರೆ ಅಪ್ಪನ ಔಷಧಿ ನಿಂತಿತು ಅಂತ ಅರ್ಥ. ಇದು ಜ್ಞಾನದ ಆಟವಲ್ಲ, ಭಿಕ್ಷೆ ಹಾಕುವ ಮೊದಲು ಭಿಕ್ಷುಕನಿಗೆ ಮಗ್ಗಿ ಹೇಳಿಸುವ ಕ್ರಮ. ಓದಿ ಸಂಪಾದಿಸಿದ ಗೆಲುವನ್ನೂ ಯಾರದೋ ಉದಾರತನದಂತೆ ತೋರಿಸುತ್ತಾರೆ. ಆ ಸ್ಪರ್ಧಿ ರಾತ್ರಿ ಪಾಳಿ ಮುಗಿಸಿ ಗ್ರಂಥಾಲಯದಲ್ಲಿ ಏನು ಓದಿದ, ಯಾವ ಪುಸ್ತಕ ಅವನಿಗೆ ಇಷ್ಟ, ಅದನ್ನು ಒಬ್ಬರೂ ಕೇಳುವುದಿಲ್ಲ.

ಸಾಕು. ಪ್ರಶ್ನೆಗೆ ಬರೋಣ. ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿದರೆ ಈ ಎಲ್ಲ ಕಹಿ ಇಳಿಯುತ್ತದೆ. ಈ ಸಲದ ಚೌತಿಗೆ ನಾನು ತಯಾರು ಮಾಡಿದ್ದು ಇದು: ‘1979ರಲ್ಲಿ ತೆಹರಾನಿನಲ್ಲಿ ರಾಜ ಸಿಂಹಾಸನ ಬಿಟ್ಟು ಓಡಿದ ಕಾರಣಕ್ಕೆ, ಕೆಲವು ವರ್ಷಗಳ ಮೇಲೆ ಪಣಂಬೂರಿನಲ್ಲಿ ಎದ್ದು ನಿಂತದ್ದು ಏನು?’

ಬರೆದ ದಿನ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಹಿನ್ನೆಲೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುದುರೆಮುಖದ ಗಣಿಗೆ ಹಣ ಹಾಕಿ ಅದಿರು ಕೊಳ್ಳಲು 1975ರಲ್ಲಿ ಒಪ್ಪಿದ್ದು ಇರಾನಿನ ಷಾ ಸರ್ಕಾರ. ಮರುವರ್ಷ ಕುದುರೆಮುಖ ಕಂಪೆನಿ ಹುಟ್ಟಿತು. ಬೆಟ್ಟ ಅಗೆದು, ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ತರುವ ಏರ್ಪಾಡು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು, ಷಾ ಹೋದರು, ಕೊಳ್ಳುವವರು ಇಲ್ಲದಾದರು. ರಾಶಿ ಅದಿರಿನ ಪುಡಿಗೆ ಬೇರೆ ದಾರಿ ಬೇಕಾಯಿತು. ಹಾಗೆ ಬಂದದ್ದು ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆ, 1987ರಲ್ಲಿ. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಿಂದ ಗಣಿ ನಿಂತಿತು. ತೆಹರಾನಿನಿಂದ ಪಣಂಬೂರಿಗೆ ಇಂಥ ನೂಲು ಇದೆ ಅಂತ ಹತ್ತನೇ ತರಗತಿಯ ಮಗುವಿಗೆ ಒಂದು ಪ್ರಶ್ನೆಯಲ್ಲಿ ಹೊಳೆಯಿಸಬಹುದಾದರೆ, ಇನ್ನೇನು ಬೇಕು?

ಚೌತಿಯ ರಾತ್ರಿ ಕೇಳಿದೆ. ಬೌನ್ಸ್ ನಿಯಮ, ಜಗಳ ಮಾಡಿಯೇ ಇಟ್ಟುಕೊಂಡಿದ್ದೆ. ಪ್ರಶ್ನೆ ಬಿ ತಂಡದಿಂದ ಹೊರಟು ಸಿ ದಾಟಿ ಡಿ ಹತ್ತಿರ ಬಂದಿತ್ತು. ಡಿ ತಂಡದ ಹುಡುಗ “ಕಾರ್ಖಾನೆ...” ಅಂತ ತಡವರಿಸುತ್ತಿದ್ದ. ಅಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೂರನೇ ಸಾಲಿನಿಂದ ಬಿಳಿ ಪಂಚೆಯ ಒಬ್ಬರು ಹಿರಿಯರು ಎದ್ದು, “ಪೆಲೆಟ್ ಪ್ಲಾಂಟ್! ನಾನು ಅಲ್ಲೇ ಇದ್ದದ್ದು ಮಾರಾಯ್ರೆ!” ಅಂದರು.

ಪ್ರೇಕ್ಷಕರು ಉತ್ತರ ಹೇಳಬಾರದು. ಗೊತ್ತು. ಆದರೆ ಅವರನ್ನು ಕೂರಿಸಲು ನನ್ನ ಬಾಯಿ ಬರಲಿಲ್ಲ. ಮೈಕ್ ಕೊಟ್ಟೆ. ಅವರು ಕೊಳವೆಯ ಕತೆ ಹೇಳಿದರು. ಹರಿವು ನಿಂತರೆ ಅದಿರು ತಳ ಹಿಡಿದು ಕೊಳವೆ ಕಟ್ಟಿಕೊಳ್ಳುವುದು, ಹಾಗಾಗದಂತೆ ರಾತ್ರಿ ಪಾಳಿಯವರು ಎಚ್ಚರ ಇರುವುದು, ಬೆಟ್ಟದ ಪುಡಿ ಕಪ್ಪು ನೀರಾಗಿ ಬಂದು ಇಲ್ಲಿ ಒಣಗಿ ಮತ್ತೆ ಮಣ್ಣಾಗುವುದು. ಮಕ್ಕಳು ಆಟ ಮರೆತು ಬಾಯಿ ತೆರೆದು ಕೇಳಿದರು. ಎಷ್ಟು ಹೊತ್ತೋ ನನಗೆ ಲೆಕ್ಕವಿಲ್ಲ. ಭಜನೆಯವರು ಎರಡು ಸಲ ಬಂದು ಗಡಿಯಾರ ತೋರಿಸಿ ಹೋದರು.

ಅವರು ಕೂತ ಮೇಲೆ ಬೈಕಂಪಾಡಿಯವನು ಸ್ಕೋರ್ ಬೋರ್ಡಿನ ಹತ್ತಿರದಿಂದ ಸೀಮೆಸುಣ್ಣ ಎತ್ತಿ ಹಿಡಿದು ಕೇಳಿದ: “ಸರಿ, ಉತ್ತರ ಬಂತು. ನಿನ್ನ ಬೌನ್ಸಿನ ಲೆಕ್ಕದಲ್ಲಿ ಮುಂದಿನ ಪ್ರಶ್ನೆ ಈಗ ಯಾರಿಗೆ? ನಾಲ್ಕನೇ ಸಾಲಿನವರಿಗಾ?”

ಅಂಕ ಯಾರಿಗೂ ಕೊಡಲಿಲ್ಲ. ಡಿ ತಂಡದ ಬಾಯಿಂದ ಕಾರ್ಖಾನೆ ಅನ್ನುವ ಪದ ಬಂದಿತ್ತು, ಆದ್ದರಿಂದ ಅವರ ಅವಕಾಶ ಮುಗಿದಿತ್ತು, ಮುಂದಿನದು ಇ ತಂಡಕ್ಕೆ ಹೋಗಬೇಕು ಅಂತ ನನ್ನ ವಾದ. ಪ್ರಶ್ನೆಯೇ ರದ್ದಾದ ಮೇಲೆ ಹೊರಟಲ್ಲಿಂದ ಲೆಕ್ಕ, ಸಿ ತಂಡಕ್ಕೆ ಬರಬೇಕು ಅಂತ ಅವನದು. ಇ ತಂಡದಲ್ಲಿ ಅವನ ಅಕ್ಕನ ಮಗ ಇದ್ದ. ಆದರೂ ಸಿ ಅನ್ನುತ್ತಾನೆ ಅಂದರೆ ಅವನಿಗೆ ನಿಯಮ ಅರ್ಥವಾಗಿದೆ ಅಂತ ನನಗೆ ಅನುಮಾನ. ಹಾಗಂತ ಅವನಿಗೆ ಹೇಳಿಲ್ಲ.